ಹಿತ್ತಿಲಲ್ಲಿ ಹಳ್ಳ ಹರಿಸ್ಬೇಕು, ಕಾರಂಜಿ ಬೇಡ. ಮಾಡಿದೋರು ಯಾರಾದ್ರೂ ಇದ್ದೀರಾ?

ತುರುವನೂರ್ ರೋಡ್
ಎಲ್ರಿಗೂ ನಮಸ್ಕಾರ. ಮನೆ ಚಿತ್ರದುರ್ಗದಲ್ಲಿ. ಹಿತ್ತಿಲಲ್ಲಿ ನಲವತ್ತೈದು ಅಡಿ ಉದ್ದ, ಹದಿನಾರು ಅಡಿ ಅಗಲದ ಪಟ್ಟಿ ಖಾಲಿ ಬಿದ್ದಿದೆ. ಮೇಲಿನ ಮೂಲೇಲಿ ಬೇವಿನ ಮರ, ಕೆಳಗಿನ ಮೂಲೇಲಿ ಬಟ್ಟೆ ಒಗೆಯೋ ಕಲ್ಲು. ಮಧ್ಯೆ ಎರಡಡಿ ಇಳಿಜಾರು. ಅಲ್ಲೊಂದು ಸಣ್ಣ ಹಳ್ಳ ಹರಿಸಬೇಕು ಅಂತ ಬಹಳ ದಿನದ ಆಸೆ.

ಹಳ್ಳ ಅಂದ್ರೆ ಹಳ್ಳವೇ. ನಮ್ಮಜ್ಜಿ ಊರು ಹೊಳಲ್ಕೆರೆ ಕಡೆ, ಅಡಿಕೆ ತೋಟದ ಬೆನ್ನಿಗೇ ಒಂದು ಹರೀತಿತ್ತು. ಕಲ್ಲಿನ ಸಂದಿಯಿಂದ ನೀರು ಬಂದು, ಒಂದು ಕಡೆ ನಿಂತು, ಮತ್ತೆ ಸುಳಿದು ಹೋಗೋದು. ಅದು ಬೇಕು.

ಒಬ್ಬ ಕಂಟ್ರಾಕ್ಟರ್ ಬಂದು ಫೋನಲ್ಲಿ ಫೋಟೋ ತೋರಿಸಿದ. ನೀಲಿ ಬಣ್ಣ ಬಳಿದ ಚರಂಡಿ, ಫೈಬರ್ ಬಂಡೆ, ಪಕ್ಕದಲ್ಲಿ ಸಿಮೆಂಟಿನ ಬಾತುಕೋಳಿ. ಬಾತುಕೋಳಿ ಫ್ರೀಯಂತೆ. ಕಾಫಿ ಕುಡಿಸಿ ಕಳಿಸಿದೆ. ಯಾರಾದ್ರೂ ಮಾಡಿ ಕೈ ಸುಟ್ಕೊಂಡಿದ್ರೆ ದಯವಿಟ್ಟು ಬರೀರಿ.

ಗಾಳಿಗಿರಣಿ
ಫ್ರೀ ಬಾತುಕೋಳಿ ಬಿಟ್ರಲ್ಲ ಸಾರ್ 😄

ಬರಪೀಡಿತ
ಬೇಜಾರು ಮಾಡ್ಕೋಬೇಡಿ. 2023ರ ಬರದಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ಬಂದಾಗ ಹೆಂಗಸ್ರು ಕೊಡ ಹಿಡಿದು ಕಿತ್ತಾಡಿದ್ದು ಇನ್ನೂ ಕಣ್ಣ ಮುಂದಿದೆ. ಈ ಜಿಲ್ಲೇಲಿ ಹಿತ್ತಿಲಲ್ಲಿ ನೀರು ಹರಿಸಿ ಆಡೋದು ಶೋಕಿ ಅಲ್ದೆ ಇನ್ನೇನು?

ಕುಂದುವಾಡ ವಾಕರ್
ನಾನು ಕೈ ಸುಟ್ಕೊಂಡೋನು, ನಾನು ಹೇಳ್ತೀನಿ ಕೇಳ್ರಿ. ದಾವಣಗೆರೆ. ನಮ್ಮದು ಎರೆ ಭೂಮಿ. ಮೇಸ್ತ್ರಿ ಮಾತು ಕೇಳಿ ಇಪ್ಪತ್ತೈದು ಅಡಿ ಕಾಂಕ್ರೀಟ್ ಕಾಲುವೆ ಹಾಕ್ಸಿದೆ, ಮೇಲೆ ಕಲ್ಲು ಅಂಟಿಸಿದ್ವಿ. ಮೊದಲನೇ ವರ್ಷ ಬಂದೋರೆಲ್ಲ ಹೊಗಳಿದ್ದೇ ಹೊಗಳಿದ್ದು. ಎರಡನೇ ಬೇಸಿಗೆಗೆ ನೆಲ ಬಾಯಿ ಬಿಡ್ತು, ಕಾಲುವೇನೂ ಅದರ ಜೊತೆಗೇ ಬಿಡ್ತು. ಮಳೆಗಾಲಕ್ಕೆ ಮಣ್ಣು ಉಬ್ಬಿ ಒಂದು ಪಕ್ಕ ಮೇಲೆದ್ದುಬಿಡ್ತು. ಬಿರುಕಿಗೆ ಕೆಮಿಕಲ್ ತುಂಬಿಸಿದೆ, ಪಕ್ಕದಲ್ಲೇ ಇನ್ನೊಂದು ಬಿರುಕು. ಕಡೀಗೆ ಮಣ್ಣು ತುಂಬ್ಸಿ ಬದನೇಕಾಯಿ ಹಾಕೀವಿ.

ಇನ್ನೊಂದು. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡುತ್ತೆ. ನಮ್ಮ ಹುಡುಗ ಎಂಟು ಮೀನು ತಂದು ಬಿಟ್ಟಿದ್ದ, ಎರಡು ದಿನಕ್ಕೆ ಎಂಟೂ ತೇಲಿದ್ವು. ಅವನು ಅತ್ತಿದ್ದು ನೋಡಕ್ಕೆ ಆಗ್ಲಿಲ್ಲ.

ರಸಮಟ್ಟ
ದಾವಣಗೆರೆ ಅಣ್ಣ ಹೇಳಿದ್ದು ಅಲ್ಲಿನ ಮಣ್ಣಿಗೆ ನಿಜ. ದುರ್ಗದ ಕೆಂಪು ಮಣ್ಣಲ್ಲಿ, ಅಡಿಗೆ ಬಂಡೆ ಇರೋ ಕಡೆ, ಕಾಂಕ್ರೀಟ್ ಅಷ್ಟು ಬೇಗ ಒಡೆಯಲ್ಲ. ನಾನೇ ಕಟ್ಟಿದ ತೊಟ್ಟಿಗಳು ಹದಿನೈದು ವರ್ಷದಿಂದ ನಿಂತಿದಾವೆ. ಸಿಮೆಂಟನ್ನೇ ಬೈಬೇಡಿ.

ಕುಂದುವಾಡ ವಾಕರ್
ತೊಟ್ಟಿ ಬೇರೆ, ನಲವತ್ತಡಿ ಉದ್ದದ ಕಾಲುವೆ ಬೇರೆ ಮೇಸ್ತ್ರಿ. ಒಂದು ಕಡೆ ಒಂದು ನೂಲು ಕುಸಿದ್ರೂ ಸಾಕು.

ರಸಮಟ್ಟ
ಅದೂ ಸರಿ ಅನ್ನಿ.

ಶಾಂತಿಸಾಗರ
ಕೃಷಿ ಹೊಂಡದ ಶೀಟು ಹಾಕಿ, ಜಗಳ ಮುಗೀತು. ನಮ್ಮ ತೋಟದ ಹೊಂಡಕ್ಕೆ ಹಾಕಿರೋದು 500 ಮೈಕ್ರಾನ್. ಮಣ್ಣು ಅಲ್ಲಾಡಿದ್ರೆ ಅದೂ ಅದರ ಜೊತೆ ಬಗ್ಗುತ್ತೆ, ಬಿರಿಯಲ್ಲ. ದುಡ್ಡಿದ್ರೆ ರಬ್ಬರಿನ ಇಪಿಡಿಎಂ ಶೀಟು ಸಿಗುತ್ತೆ, ಒಂದು ಮಿಲಿಮೀಟರ್ ದಪ್ಪ, ಮೂಲೆಗೆ ಚೆನ್ನಾಗಿ ಮಡಚುತ್ತೆ. ಕೃಷಿ ಹೊಂಡದ್ದು ಸ್ವಲ್ಪ ಬಿರುಸು. ಆದ್ರೆ ಶೀಟಿಗೆ ಬಿಸಿಲು ನೇರ ಬೀಳಬಾರದು, ಮೇಲೆ ಕಲ್ಲು, ಗರಸು ಮುಚ್ಚಿರಬೇಕು.

ಅಡಿಗೆ ಎರಡಿಂಚು ಮರಳು, ಅದರ ಮೇಲೆ ಹಳೇ ಗೋಣಿಚೀಲ, ಆಮೇಲೆ ಶೀಟು. ಅಗಲದ ಲೆಕ್ಕ ಹೀಗೆ: ಹಳ್ಳ ಮೂರಡಿ ಅಗಲ, ಒಂದಡಿ ಆಳ ಇದ್ರೆ ಮೂರು, ಎರಡು ಪಕ್ಕದ ಆಳಕ್ಕೆ ಎರಡು, ಅಂಚಿಗೆ ಎರಡು, ಒಟ್ಟು ಏಳಡಿ. ಅಂಚಲ್ಲಿ ಜಿಪುಣತನ ಮಾಡಿದ್ರೆ ಆಮೇಲೆ ಅಳ್ತೀರ.

ತುರುವನೂರ್ ರೋಡ್
ಬರಪೀಡಿತ ಅವರೇ, ನಿಮ್ಮ ಮಾತು ನನಗೂ ಚುಚ್ಚಿದೆ, ಸುಳ್ಳು ಹೇಳಲ್ಲ. ಆದ್ರೆ ನೀರು ಹರಿದು ಹೋಗಲ್ಲ, ಕೆಳಗಿನ ಗುಂಡಿಯಿಂದ ಪಂಪು ಅದನ್ನೇ ಮೇಲಕ್ಕೆ ತರುತ್ತೆ. ಆವಿಯಾಗಿ ಎಷ್ಟು ಹೋಗುತ್ತೆ ಅಂತ ಯಾರಾದ್ರೂ ಲೆಕ್ಕ ಹೇಳಿದ್ರೆ ನಾನೂ ಯೋಚನೆ ಮಾಡ್ತೀನಿ.

ವೈಂಡಿಂಗ್ ಅಂಗಡಿ
ಲೆಕ್ಕ ನಾನು ಹೇಳ್ತೀನಿ. ಮೂವತ್ತು ವರ್ಷ ಮೋಟ್ರು ಬಿಚ್ಚಿದೀನಿ.

ನಲವತ್ತಡಿ ಉದ್ದ, ಮೂರಡಿ ಅಗಲ ಅಂದ್ರೆ 120 ಚದರಡಿ, ಹನ್ನೊಂದು ಚದರ ಮೀಟರು. ನಮ್ಮ ಏಪ್ರಿಲ್ ಬಿಸಿಲಿಗೆ, ಗಾಳಿಗೆ ದಿನಕ್ಕೆ ಏಳೆಂಟು ಮಿಲಿಮೀಟರ್ ಹಾರುತ್ತೆ ಅಂತಿಟ್ಕೊಳಿ, ಎಂಬತ್ತು ಲೀಟರ್ ಚಿಲ್ಲರೆ. ಎರಚಿ ಹೋಗೋದು ಸೇರಿ ನೂರು. ಐದಾರು ಕೊಡ. ಹುಲ್ಲುಹಾಸು ಹಾಕಿ ಪೈಪು ಹಿಡಿಯೋರು ಇದಕ್ಕಿಂತ ಜಾಸ್ತಿ ಸುರೀತಾರೆ, ಅವರನ್ನ ಯಾರೂ ಕೇಳಲ್ಲ.

ಈಗ ಪಂಪು. ಎಲ್ಲರೂ ಮಾಡೋ ತಪ್ಪು ಮನೇಲಿ ಬಿದ್ದಿರೋ ಅರ್ಧ ಎಚ್‌ಪಿ ಮೋಟ್ರು ತಂದು ಕೂರ್ಸೋದು. ಅದು ತಾರಸಿ ಟ್ಯಾಂಕಿಗೆ ಏರಿಸೋಕೆ ಹುಟ್ಟಿದ್ದು, ಎರಡಡಿ ಏರಿಸೋಕಲ್ಲ. 370 ವ್ಯಾಟು, ಹಗಲು ರಾತ್ರಿ ಓಡಿದ್ರೆ ತಿಂಗಳಿಗೆ ಕಮ್ಮಿ ಅಂದ್ರೂ 270 ಯೂನಿಟ್. ನಿಮಗೆ ಬೇಕಿರೋದು ಎತ್ತರ ಕಮ್ಮಿ, ನೀರು ಜಾಸ್ತಿ ಕೊಡೋ ಕೊಳದ ಪಂಪು. ನೀರು ಧುಮುಕೋ ಕಡೆ ಒಂದಡಿ ಅಗಲಕ್ಕೆ ಗಂಟೆಗೆ ನಾಲ್ಕೂವರೆ ಸಾವಿರ ಲೀಟರ್ ಬೇಕು, ಅದಕ್ಕಿಂತ ಕಮ್ಮಿ ಆದ್ರೆ ಕಲ್ಲು ಒದ್ದೆ ಆಗುತ್ತೆ ಅಷ್ಟೆ, ಸದ್ದು ಬರಲ್ಲ. ಒಂದೂವರೆ ಅಡಿ ಅಗಲದ ಧುಮುಕಿಗೆ ಏಳು ಸಾವಿರ ಲೀಟರ್. ಎಂಟು ಸಾವಿರದ ಪಂಪು ಅಂತ ಡಬ್ಬದ ಮೇಲೆ ಬರೆದಿದ್ರೆ ನಂಬಬೇಡಿ, ಅದು ಎತ್ತರ ಸೊನ್ನೆ ಇದ್ದಾಗ. ಡಬ್ಬದ ಹಿಂದೆ ಗ್ರಾಫ್ ಇರುತ್ತೆ, ಇಳಿಜಾರಿನ ಜೊತೆ ಗುಂಡಿ ಆಳ, ಪೈಪಿನ ತಡೆ ಎಲ್ಲ ಸೇರಿಸಿ ಎರಡು-ಎರಡೂವರೆ ಮೀಟರ್ ಎತ್ತರದ ಹತ್ರ ಎಷ್ಟು ಕೊಡುತ್ತೆ ನೋಡಿ. ಪೈಪು ಒಂದೂವರೆ ಇಂಚಿಗೆ ಕಮ್ಮಿ ಬೇಡ. ಒಂದಿಂಚಲ್ಲಿ ತಳ್ಳಿದ್ರೆ ಪಂಪು ದುಡಿದಿದ್ದೆಲ್ಲ ಪೈಪಿಗೇ ಸಂಬಳ.

ನೀರು, ಕರೆಂಟು ಒಟ್ಟಿಗಿರೋ ಕಡೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್) ಹಾಕದೆ ಸ್ವಿಚ್ ಮುಟ್ಟಬೇಡಿ. ಇದರಲ್ಲಿ ತಮಾಷೆ ಇಲ್ಲ.

ಗಾಳಿಗಿರಣಿ
ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ. ಸರ್ಕಾರಿ ಹಳ್ಳ!

ವೈಂಡಿಂಗ್ ಅಂಗಡಿ
ಅಪ್ಪಾ, ಅದು ನಿನ್ನ ಹಿಂದಿನ ಸರಾಸರಿ ಮೇಲೆ ಹತ್ತು ಪರ್ಸೆಂಟ್ ಅಷ್ಟೇ. 200 ದಾಟಿದ್ರೆ ಪೂರ್ತಿ ಬಿಲ್ಲು. 150 ವ್ಯಾಟಿನ ಪಂಪು ಬಿಡದೇ ಓಡಿದ್ರೆ ತಿಂಗಳಿಗೆ 108 ಯೂನಿಟ್. ದಿನಕ್ಕೆ ಆರು ಗಂಟೆ ಓಡಿಸಿದ್ರೆ 27.

ಮಲ್ಲಿಗೆ ಚಪ್ಪರ
ಎಲ್ಲ ಗಂಡಸ್ರೂ ಪಂಪು, ಪೈಪು ಅಂತಿದೀರ. ಸೊಳ್ಳೆ? ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರೋಕೆ ಹತ್ತು ದಿನ ಸಾಕು. ಆರು ಗಂಟೆ ಪಂಪು ಓಡಿಸಿ ಉಳಿದ ಹದಿನೆಂಟು ಗಂಟೆ ನಿಂತ ನೀರು ಮಾಡ್ತೀರಾ? ಹೋದ ವರ್ಷ ನಮ್ಮ ಮಗಳಿಗೆ ಬಂದಿತ್ತು, ಆ ಹದಿನೈದು ದಿನ ನನಗೇ ಗೊತ್ತು.

ಶಾಂತಿಸಾಗರ
ಅಕ್ಕಾ, ಗಪ್ಪಿ ಮೀನು ಬಿಟ್ರೆ ಆಯ್ತು. ಲಾರ್ವ ಒಂದೂ ಬಿಡಲ್ಲ.

ಗಾಳಿಗಿರಣಿ
ಗಂಬೂಸಿಯಾ ಇನ್ನೂ ಚುರುಕು.

ಮಲ್ಲಿಗೆ ಚಪ್ಪರ
ಗಂಬೂಸಿಯಾ ಬೇಡವೇ ಬೇಡ. ಅದು ಗೊದಮೊಟ್ಟೆ, ಬೇರೆ ಮೀನಿನ ಮೊಟ್ಟೆ ಎಲ್ಲ ತಿನ್ನುತ್ತೆ. ಜೋರು ಮಳೆಗೆ ತಪ್ಪಿಸ್ಕೊಂಡು ಕೆರೆ ಸೇರಿದ್ರೆ ಅಲ್ಲಿರೋ ನಮ್ಮ ಮೀನಿಗೆ ಗತಿ ಇಲ್ಲ. ಗಪ್ಪಿ ಸರಿ, ಆದ್ರೆ ಗಪ್ಪಿ ಇರೋದು ಗುಂಡೀಲಿ. ಪಂಪು ನಿಂತಾಗ ಮೇಲೆ ಕಲ್ಲಿನ ಸಂದೀಲಿ ಅಂಗೈಯಗಲ ನೀರು ಉಳಿಯುತ್ತಲ್ಲ, ಅಲ್ಲಿಗೆ ಯಾವ ಗಪ್ಪಿ ಹೋಗುತ್ತೆ? ಒಂದೋ ಪೂರ್ತಿ ಇಳಿದು ಒಣಗಬೇಕು, ಇಲ್ಲಾ ಮೀನು ಓಡಾಡೋ ಅಷ್ಟು ಆಳ ಇರಬೇಕು. ಎರಡರ ಮಧ್ಯದ್ದು ಬೇಡ.

ತುರುವನೂರ್ ರೋಡ್
ಅಕ್ಕಾ, ಬರೆದಿಟ್ಕೊಂಡೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ರಸಮಟ್ಟ
ಈಗ ಕಲ್ಲಿನ ವಿಷಯ. ನೂರಕ್ಕೆ ತೊಂಬತ್ತು ಹಿತ್ತಿಲ ಹಳ್ಳ ಕೆಡೋದು ಇಲ್ಲೇ. ಒಂದೇ ಅಳತೆ ಕಲ್ಲು ತಂದು ಎರಡೂ ಅಂಚಿಗೆ ಸಾಲಾಗಿ ಕೂರಿಸ್ತಾರೆ. ಮಣಿಸರದ ಥರ ಕಾಣುತ್ತೆ. ಯಾವ ಹಳ್ಳದಲ್ಲಿ ಕಲ್ಲು ಸಾಲಾಗಿ ನಿಂತಿರುತ್ತೆ ಹೇಳಿ? ಮಳೆ ಬಂದಾಗ ನೀರು ಸಣ್ಣದನ್ನ ಒತ್ಕೊಂಡು ಹೋಗಿ ತಿರುವಿನ ಒಳಮಗ್ಗುಲಿಗೆ ಗುಡ್ಡೆ ಹಾಕುತ್ತೆ. ಹೊರಮಗ್ಗುಲು ಕೊರೆಯುತ್ತೆ, ಅಲ್ಲಿ ದೊಡ್ಡ ಬಂಡೆ ಮಾತ್ರ ನಿಲ್ಲುತ್ತೆ. ನೀವೂ ಹಂಗೇ ಮಾಡಿ. ಹೊರತಿರುವಿಗೆ ಇಬ್ಬರು ಹೊರೋ ಅಂಥ ಗುಂಡು, ಒಳತಿರುವಿಗೆ ಗರಸು, ಮರಳು. ಹಳ್ಳ ತಿರುಗೋದಕ್ಕೆ ಒಂದು ಕಾರಣ ಇರಬೇಕು, ಆ ಬಂಡೆಯೇ ಕಾರಣ.

ಬಂಡೆ ನೆಲದ ಮೇಲೆ ಇಡಬೇಡಿ, ಮೂರರಲ್ಲಿ ಒಂದು ಪಾಲು ಹೂಳಿ. ಹೂಳದೇ ಇದ್ರೆ ಲಾರಿಯಿಂದ ಉರುಳಿಸಿದ ಹಾಗೆ ಕಾಣುತ್ತೆ. ಬಿಸಿಲು ಮಳೆ ಕಂಡು ಕಪ್ಪಾದ ಮೈ ಮೇಲಕ್ಕೆ, ಮಣ್ಣಲ್ಲಿದ್ದ ಕೆಂಪು ಮೈ ಕೆಳಕ್ಕೆ. ಊರಲ್ಲಿ ಮನೆ ಪಾಯ ತೋಡೋ ಕಡೆ ಗುಂಡು ಏಳ್ತಾನೇ ಇರುತ್ತೆ, ಮಾಲೀಕನ್ನ ಕೇಳಿದ್ರೆ ಹೊತ್ಕೊಂಡು ಹೋಗಪ್ಪ ಅಂತಾನೆ. ಜೋಗಿಮಟ್ಟಿ ಕಡೆಯಿಂದ ತರೋ ಯೋಚನೆ ಬೇಡ, ಅದು ಕಾಡು, ಕೇಸಾಗುತ್ತೆ. ಬಿಳೀ ಬೆಣಚುಕಲ್ಲು, ಅಂಗಡೀಲಿ ಮೂಟೆ ಲೆಕ್ಕದಲ್ಲಿ ಸಿಗೋ ಪಾಲಿಶ್ ಕಲ್ಲು ಬೇಡ. ದುರ್ಗದ ಹಳ್ಳದಲ್ಲಿ ದುರ್ಗದ ಕಲ್ಲೇ ಇರಲಿ.

ಮಟ್ಟ ನೋಡೋಕೆ ಟ್ಯೂಬು ಸಾಕು. ಪಾರದರ್ಶಕ ಪೈಪಲ್ಲಿ ನೀರು ತುಂಬಿ ಎರಡೂ ದಡಕ್ಕೆ ಹಿಡೀರಿ, ಎರಡು ದಡ ಒಂದೇ ಮಟ್ಟಕ್ಕೆ ಇರಬೇಕು.

ಕೋಟೆ ಹತ್ತೋನು
ನೀವೆಲ್ಲ ಪಂಪಿಂದ ಶುರು ಮಾಡಿದ್ರಿ. ನಾನು ವಾರಕ್ಕೆ ಮೂರು ಸಲ ಕೋಟೆ ಹತ್ತುತೀನಿ, ಅಲ್ಲಿ ನೋಡಿದ್ದು ಹೇಳ್ತೀನಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ರೆ ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕಡೀಗೆ ಊರೊಳಗಿನ ಸಂತೆ ಹೊಂಡ. ಒಂದು ಮೋಟ್ರೂ ಇಲ್ಲ. ಬಂಡೆ ಮೇಲೆ ಬಿದ್ದ ಮಳೆ ಒಂದರಿಂದ ಒಂದಕ್ಕೆ ಇಳೀತಾ ಬರುತ್ತೆ. ಪಾಳೇಗಾರರ ಕಾಲದಲ್ಲಿ ಮುತ್ತಿಗೆ ಬಿದ್ರೂ ಒಳಗಿದ್ದೋರಿಗೆ ನೀರಿತ್ತು.

ನಮ್ಮ ಸೀಮೆ ಹಳ್ಳ ವರ್ಷದಲ್ಲಿ ಎಂಟು ತಿಂಗಳು ಒಣಗೇ ಇರುತ್ತೆ. ಅದೇ ಅದರ ಸಹಜ ರೂಪ. ಏಪ್ರಿಲಲ್ಲಿ ತುಂಬಿ ಹರಿಯೋ ಹಳ್ಳ ಮಲೆನಾಡಿಂದು, ಅದನ್ನ ಇಲ್ಲಿ ತಂದಿಟ್ರೆ ನೀಲಿ ಬಣ್ಣ ಇಲ್ದೇ ಇದ್ರೂ ಬಾತುಕೋಳಿ ಹಳ್ಳವೇ. ನಿಮ್ಮ ತಾರಸಿ ಸಾವಿರ ಚದರಡಿ ಇದ್ರೆ ಹತ್ತು ಮಿಲಿಮೀಟರ್ ಮಳೆಗೆ 900 ಲೀಟರ್ ಮೇಲೆ ಇಳಿಯುತ್ತೆ. ಆ ಪೈಪನ್ನ ಚರಂಡಿಗೆ ಬಿಟ್ಟಿದೀರ. ಹಳ್ಳದ ತಲೆಗೆ ತಿರುಗಿಸಿ. ಮಳೆ ಬಂದಾಗ ತಾನಾಗೇ ಹರಿಯುತ್ತೆ.

ಬರಪೀಡಿತ
ಇದು ಮಾತು. ಇದಕ್ಕೆ ನನ್ನ ವಿರೋಧ ಇಲ್ಲ.

ಹಿರಿಯೂರು ಹೈದ
ಕೋಡಿ ಅಂದ ಕೂಡ್ಲೇ ನೆನಪಾಯ್ತು. 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ ಮೊದಲನೇ ಸಲ ಕೋಡಿ ಬಿದ್ದಾಗ ಹೋಗಿದ್ವಿ, ಜಾತ್ರೆ ಜಾತ್ರೆ! ನಮ್ಮಪ್ಪ ಅತ್ತೇಬಿಟ್ರು.

ಕೋಟೆ ಹತ್ತೋನು
ಮೊದಲನೇ ಸಲ ಅಲ್ಲ ತಮ್ಮಾ. 1907ಕ್ಕೆ ಕಟ್ಟಿ ಮುಗೀತು, 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು. 2022ರದ್ದು ಅದಾಗಿ 89 ವರ್ಷಕ್ಕೆ. ನಿಮ್ಮಪ್ಪ ಅತ್ತಿದ್ದರಲ್ಲಿ ತಪ್ಪಿಲ್ಲ.

ಕುಂದುವಾಡ ವಾಕರ್
ಅಲ್ಲಿಂದ ಬರ್ತಾ ದಾವಣಗೆರೇಲಿ ಬೆಣ್ಣೆ ದೋಸೆ ತಿಂದ್ರೋ ಇಲ್ವೋ?

ಹಿರಿಯೂರು ಹೈದ
ಹಿರಿಯೂರಿಂದ ಮನೆಗೆ ಹೋಗೋಕೆ ದಾವಣಗೆರೆ ಯಾಕೆ ಬರಬೇಕು ಅಣ್ಣ 😅

ಕುಂದುವಾಡ ವಾಕರ್
ದೋಸೆಗೆ ದಾರಿ ಕೇಳಬಾರ್ದು.

ಕೋಟೆ ಹತ್ತೋನು
ದೋಸೆ ವಿಷಯ ಬಂತು, ಇನ್ನು ಈ ಚರ್ಚೆ ಮುಗೀತು ಅಂತ ತಿಳೀರಿ.

ತುರುವನೂರ್ ರೋಡ್
(ಐದು ವಾರದ ಮೇಲೆ) ಮುಗಿದಿಲ್ಲ! ಕೆಲಸ ಶುರು ಮಾಡಿದೀನಿ, ಎಡವಟ್ಟೂ ಮಾಡಿದೀನಿ. ಕೇಳಿ.

ಕೋಟೆಯವರ ಮಾತು, ಪಂಪಿನವರ ಮಾತು ಎರಡೂ ಬೆರೆಸಿದೆ. ತಾರಸಿ ಪೈಪು ಬೇವಿನ ಮರದ ಬುಡದ ಹತ್ರ ತಿರುಗಿಸಿದೆ. ಸಂಜೆ ಎರಡು ಮೂರು ಗಂಟೆ ಓಡಿಸೋಕೆ ಪಂಪು. ಕೆಳಗಿನ ಗುಂಡಿ ಐದಡಿ, ನಾಲ್ಕಡಿ, ಮೂರೂವರೆ ಆಳ ಅಂತ ಅಂದ್ಕೊಂಡಿದ್ದೆ, ಎರಡು ಸಾವಿರ ಲೀಟರ್ ಬರಲಿ ಅಂತ. ಎರಡೂವರೆ ಅಡಿಗೆ ಹಾರೆ ಟಣ್ ಅಂತು. ಬಂಡೆ. ದುರ್ಗದಲ್ಲಿ ಇನ್ನೇನು ಸಿಗುತ್ತೆ? ಹುಡುಗ್ರು ಸುಸ್ತಾಗಿದ್ರು, ಇಷ್ಟೇ ಸಾಕು ಅಂದೆ. ನಾಲ್ಕು, ಮೂರು, ಎರಡೂವರೆ. 850 ಲೀಟರು.

ಪಂಪು ಹಾಕಿದೆ. ನೀರು ಹಳ್ಳದುದ್ದಕ್ಕೂ ಹರಡೋ ಹೊತ್ತಿಗೆ ಗುಂಡಿ ಖಾಲಿಯಾಗಿ ಪಂಪು ಏದುಸಿರು ಬಿಡೋಕೆ ಶುರು ಮಾಡ್ತು. ಪೈಪು ಹಿಡಿದು ಗುಂಡಿ ತುಂಬಿಸಿದೆ. ಆಹಾ, ಹರೀತು! ಹತ್ತು ನಿಮಿಷ ಎಲ್ಲರೂ ನಿಂತು ನೋಡಿದ್ವಿ. ಅಷ್ಟರಲ್ಲಿ ಕರೆಂಟ್ ಹೋಯ್ತು. ಹಳ್ಳದಲ್ಲಿದ್ದ ನೀರೆಲ್ಲ ಗುಂಡಿಗೆ ಇಳೀತು, ಗುಂಡಿ ಮೊದಲೇ ತುಂಬಿತ್ತು, ಕಾಂಪೌಂಡ್ ತೂತಿಂದ ಪಕ್ಕದ ಮನೆಗೆ ನುಗ್ತು. ಅಲ್ಲಿ ಆಂಟಿ ಸೀರೆ ಹಾಸಿ ಸಂಡಿಗೆ ಇಟ್ಟಿದ್ರು. ಇಷ್ಟೇ ಹೇಳ್ತೀನಿ.

ಗಾಳಿಗಿರಣಿ
ಸಂಡಿಗೆ ಸಮೇತ ಹಳ್ಳ ತಿರುಗಿ ಬಂತಾ

ವೈಂಡಿಂಗ್ ಅಂಗಡಿ
ನಲವತ್ತಡಿ, ಮೂರಡಿ, ಮೂರಿಂಚು ನೀರು. ಅದೇ 850 ಲೀಟರ್ ಆಗುತ್ತೆ. ಅಷ್ಟೂ ಕೆಳಗಿಳಿಯುತ್ತೆ, ಅದರ ಮೇಲೆ ಪಂಪು ಮುಳುಗಿರೋಕೂ ನೀರಿರಬೇಕು. ಆಳ ಆಗದಿದ್ರೆ ಅಗಲ ಮಾಡಿ. ಪಂಪಿಗೆ ನಾನ್‌ರಿಟರ್ನ್ ವಾಲ್ವ್ ಹಾಕಿ, ಪೈಪಲ್ಲಿರೋದಾದ್ರೂ ಮೇಲೇ ನಿಲ್ಲುತ್ತೆ.

ರಸಮಟ್ಟ
ಅಲ್ಲಲ್ಲಿ ಅಡ್ಡಗಲ್ಲು ಇಟ್ಟು ಸಣ್ಣ ಒಡ್ಡು ಮಾಡಿ. ಪಂಪು ನಿಂತ್ರೂ ಮೂರು ಮಡುವಲ್ಲಿ ನೀರು ಉಳಿಯುತ್ತೆ, ಎಲ್ಲ ಒಟ್ಟಿಗೆ ಇಳಿಯಲ್ಲ. ಮಡು ಒಂದಡಿ ಆಳ ಇರಲಿ, ಗಪ್ಪಿ ಅಲ್ಲೂ ಬಿಡಿ, ಅಕ್ಕನೂ ಒಪ್ತಾರೆ. ಅಡ್ಡಗಲ್ಲಿನ ಅಡಿ ಸಂದಿಗೆ ಯುಪಿವಿಸಿ ಕಿಟಕಿ ಕೂರ್ಸೋರು ಹೊಡೀತಾರಲ್ಲ ಆ ಫೋಮು ತುಂಬಿ, ಒದ್ದೆ ಇರುವಾಗಲೇ ಮೇಲೆ ಮರಳು ಎರಚಿ. ಫೋಮ್ ಇಲ್ದಿದ್ರೆ ನೀರು ಕಲ್ಲಿನ ಮೇಲೆ ಧುಮುಕಲ್ಲ, ಅಡೀಲಿ ಕಳ್ಳನ ಹಾಗೆ ನುಸುಳುತ್ತೆ.

ತುರುವನೂರ್ ರೋಡ್
(ಎರಡು ವಾರದ ಮೇಲೆ) ಗುಂಡಿ ಅಗಲ ಆಯ್ತು, ಮೂರು ಮಡು ಆಯ್ತು. ಫೋಮ್ ಕೆಲಸ ಮಾಡ್ತು, ಈಗ ನಿಜವಾದ ಧುಮುಕು, ಅಡುಗೆಮನೆಗೂ ಸದ್ದು ಕೇಳುತ್ತೆ. ಆದ್ರೆ ರಾತ್ರಿ ಪಂಪು ನಿಲ್ಲಿಸಿ ಬೆಳಿಗ್ಗೆ ನೋಡಿದ್ರೆ ನಡುವಿನ ಮಡು ಮೂರಿಂಚು ಇಳಿದಿರುತ್ತೆ. ಶೀಟು ತೂತಾಗಿದ್ಯಾ?

ಶಾಂತಿಸಾಗರ
ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ. ಬಕೆಟ್ಟಲ್ಲಿ ಎಷ್ಟು ಇಳಿಯುತ್ತೋ ಅದು ಬಿಸಿಲಿಂದು, ಉಳಿದಿದ್ದು ಸೋರಿಕೆ. ಆಮೇಲೆ ತುಂಬಿಸಬೇಡಿ, ಇಳಿಯೋಕೆ ಬಿಡಿ. ಎಲ್ಲಿ ನಿಲ್ಲುತ್ತೋ ಆ ಮಟ್ಟದಲ್ಲೇ ತೊಂದರೆ ಇರುತ್ತೆ. ನಿಂತಿದ್ದು ಅಂಚಿನ ಹತ್ರ ಆದ್ರೆ ತೂತು ಹುಡುಕಬೇಡಿ, ದಡದ ಹೊರಗೆ ಮಣ್ಣು ಎಲ್ಲಿ ಒದ್ದೆ ಇದೆ ನೋಡಿ.

ತುರುವನೂರ್ ರೋಡ್
ಸಿಕ್ತು! ಬಕೆಟ್ಟಲ್ಲಿ ಕಾಲಿಂಚೂ ಇಳಿದಿರಲಿಲ್ಲ. ಎರಡನೇ ತಿರುವಿನ ಹತ್ರ ಒಂದೆಲಗ ನೆಡೋಕೆ ಅಂತ ನಾನೇ ಶೀಟಿನ ಅಂಚಿನ ಮೇಲೆ ಮಣ್ಣು ಎಳೆದಿದ್ದೆ. ಒಳಗಿನ ಒದ್ದೆ ಮಣ್ಣು, ಹೊರಗಿನ ಒಣ ಮಣ್ಣು ಒಂದಾಗಿತ್ತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೀತಿತ್ತು. ಒಂದು ಗೇಣು ಅಗಲದ ಮಣ್ಣು ತೆಗೆದು, ಶೀಟಿನ ಅಂಚು ಎತ್ತಿ, ಹಿಂದೆ ಕಲ್ಲು ಕೊಟ್ಟೆ. ಒಂದೆಲಗಕ್ಕೆ ಒಳಗಡೆ ಜಾಗ ಮಾಡ್ಕೊಟ್ಟೆ. ಬಜೆ, ಕೆಸು ಹಾಕಿದೀನಿ. ಜೊಂಡು ಹಾಕ್ಲಾ?

ಮಲ್ಲಿಗೆ ಚಪ್ಪರ
ಜೊಂಡು ಬೇಡ. ಎರಡು ವರ್ಷಕ್ಕೆ ಹಳ್ಳ ಇರಲ್ಲ, ಜೊಂಡೇ ಇರುತ್ತೆ. ದಡಕ್ಕೆ ಲಾವಂಚ ಹಾಕಿ. ಮತ್ತೆ ಬೇವಿನೆಲೆ ಉದುರೋ ಕಾಲಕ್ಕೆ ಪಂಪಿಗೆ ಜರಡಿ ಬುಟ್ಟಿ ಇಡಿ.

ವೈಂಡಿಂಗ್ ಅಂಗಡಿ
ಬೋರ್ ನೀರು ತುಂಬಿಸ್ತಿದ್ರೆ ಕಲ್ಲಿನ ಮೇಲೆ ಬಿಳೀ ಪಕ್ಕು ಕೂರುತ್ತೆ, ಗಡಸು ನೀರು. ಆದಷ್ಟು ಮಳೆ ನೀರೇ ಹಿಡಿದಿಟ್ಕೊಳಿ.

ತುರುವನೂರ್ ರೋಡ್
(ಜೂನ್ ಮೊದಲ ವಾರ) ನಿನ್ನೆ ರೋಹಿಣಿ ಮಳೆ, ಮುಕ್ಕಾಲು ಗಂಟೆ ಬಿಡದೆ ಹೊಯ್ತು. ಪಂಪಿನ ಪ್ಲಗ್ ಕಿತ್ತಿಟ್ಟು ಕೊಡೆ ಹಿಡಿದು ಹಿತ್ತಿಲಲ್ಲಿ ನಿಂತೆ. ಮೊದಲು ತಾರಸಿ ಪೈಪಿಂದ ಕೆಂಪಗೆ ಧೂಳು ನೀರು, ಬೇವಿನ ಹಣ್ಣು ಸಮೇತ. ಮೇಲಿನ ಮಡು ತುಂಬೋವರೆಗೂ ಏನೂ ಇಲ್ಲ. ಆಮೇಲೆ ಅಡ್ಡಗಲ್ಲಿನ ಎಡಗಡೆ ಒಂದು ಬೆರಳಗಲ ಸೋರಿ, ಪೂರ್ತಿ ಕೋಡಿ ಬಿತ್ತು. ಒಂದಾದ ಮೇಲೊಂದು ಮೂರೂ. ಗುಂಡಿಗೂ ಒಂದು ಕೋಡಿ ಮಾಡಿದೀನಿ, ಅದು ಇಂಗುಗುಂಡಿಗೆ ಹೋಗುತ್ತೆ, ಆಂಟಿ ಮನೆಗಲ್ಲ. ಒಳತಿರುವಿಗೆ ನಾನು ಹಾಕಿದ್ದ ಗರಸನ್ನ ನೀರು ತನಗೆ ಬೇಕಾದ ಹಾಗೆ ಸರಿಸ್ಕೊಂಡಿದೆ, ನಾನು ಮಾಡಿದ್ದಕ್ಕಿಂತ ಅದೇ ಚೆನ್ನಾಗಿದೆ. ಮುಟ್ಟಲ್ಲ.

ಕೋಟೆ ಹತ್ತೋನು
ಫೋಟೋ ಹಾಕಿ ಸಾರ್. ಗೋಪಾಲಸ್ವಾಮಿ ಹೊಂಡಕ್ಕೂ ನೀರು ಬಂದಿದೆ, ಬೆಳಿಗ್ಗೆ ನೋಡ್ಕೊಂಡು ಬಂದೆ.

ಬರಪೀಡಿತ
ಇಂಗುಗುಂಡಿ ಅಳತೆ ಎಷ್ಟು ಕೊಟ್ರಿ? ನಮ್ಮ ಮನೇಲೂ ತಾರಸಿ ನೀರು ಚರಂಡಿಗೇ ಹೋಗ್ತಿದೆ.

ತುರುವನೂರ್ ರೋಡ್
ನಾಲ್ಕಡಿ ಚೌಕ, ಆರಡಿ ಆಳ. ಅಲ್ಲಿ ಬಂಡೆ ಸಿಗಲಿಲ್ಲ ಪುಣ್ಯಕ್ಕೆ. ಕೆಳಗೆ ದೊಡ್ಡ ಕಲ್ಲು, ಮೇಲೆ 40 ಎಂಎಂ ಜಲ್ಲಿ, ಅದರ ಮೇಲೆ ಮರಳು. ಬನ್ನಿ, ಮನೆಗೇ ಬಂದು ನೋಡಿ.

ಗಾಳಿಗಿರಣಿ
ಒಟ್ಟು ಎಷ್ಟಾಯ್ತು ಸಾರ್ ಖರ್ಚು?

ತುರುವನೂರ್ ರೋಡ್
ಇಲ್ಲಿ ಬರೆಯೋಕಾಗಲ್ಲ, ನಮ್ಮ ಯಜಮಾನ್ತಿನೂ ಈ ಚರ್ಚೆ ಓದ್ತಿದಾರೆ. ಬೇರೆ ಮೆಸೇಜ್ ಮಾಡ್ತೀನಿ.